ಪರಿಸರ ಅನುಕ್ರಮ

ಪರಿಸರ ಅನುಕ್ರಮ ಎಂದರೆ ಒಂದು ಪ್ರದೇಶದ ಜೀವಿಸಮುದಾಯದ ರಚನೆಯಲ್ಲಿಯೂ ಅದರಲ್ಲಿರುವ ಪ್ರಭೇದಗಳಲ್ಲಿಯೂ ಕಾಲಕ್ರಮೇಣ ಉಂಟಾಗುವ ಬದಲಾವಣೆ. ಮೊದಲು ನೆಲೆಸಿದ ಜೀವಿಗಳು ಅಲ್ಲಿನ ಮಣ್ಣು, ಬೆಳಕು ಮತ್ತು ತೇವಾಂಶವನ್ನು ಮಾರ್ಪಡಿಸುತ್ತವೆ. ಹೀಗೆ ಮಾರ್ಪಟ್ಟ ನೆಲೆಯಲ್ಲಿ ಬೇರೆ ಪ್ರಭೇದಗಳು ಬೇರೂರಿ, ಹಳೆಯವು ಹಿಂದೆ ಸರಿಯುತ್ತವೆ. ಈ ಪ್ರಕ್ರಿಯೆಗೆ ಕೆಲವು ದಶಕಗಳಿಂದ ಹಲವು ಶತಮಾನಗಳವರೆಗೆ ಕಾಲ ಹಿಡಿಯಬಹುದು. ಪ್ರತಿ ವರ್ಷ ಋತುಮಾನಕ್ಕೆ ತಕ್ಕಂತೆ ಮರುಕಳಿಸುವ ಬದಲಾವಣೆಗಳನ್ನು ಅನುಕ್ರಮವೆಂದು ಪರಿಗಣಿಸುವುದಿಲ್ಲ.

ಪ್ರಾಥಮಿಕ ಅನುಕ್ರಮ

ಮಣ್ಣಾಗಲಿ ಬೀಜಗಳಾಗಲಿ ಇಲ್ಲದ ಬರಿ ನೆಲದಲ್ಲಿ ಆರಂಭವಾಗುವ ಅನುಕ್ರಮವನ್ನು ಪ್ರಾಥಮಿಕ ಅನುಕ್ರಮ ಎನ್ನುತ್ತಾರೆ. ಹೊಸ ಲಾವಾ, ಮರಳುದಿಣ್ಣೆ, ಹಿಮನದಿ ಕರಗಿ ಹಿಂದೆ ಸರಿದಾಗ ತೆರೆದುಕೊಳ್ಳುವ ನೆಲ ಇದಕ್ಕೆ ಉದಾಹರಣೆಗಳು. ಇಂತಹ ಸ್ಥಳದಲ್ಲಿ ಮೊದಲು ನೆಲೆಸುವ ಜೀವಿಗಳಿಗೆ ಪ್ರವರ್ತಕ ಪ್ರಭೇದಗಳೆಂದು ಹೆಸರು. ಬಂಡೆಯ ಮೇಲೆ ಸಾಮಾನ್ಯವಾಗಿ ಕಲ್ಲುಹೂವು ಮತ್ತು ಹಾವಸೆಗಳು ಮೊದಲು ಬರುತ್ತವೆ. ಅವುಗಳ ಅವಶೇಷ ಮತ್ತು ಶಿಥಿಲಗೊಂಡ ಕಲ್ಲಿನ ಕಣಗಳು ಸೇರಿ ತೆಳುವಾದ ಮಣ್ಣು ರೂಪುಗೊಳ್ಳುತ್ತದೆ. ಬಳಿಕ ಹುಲ್ಲು, ಪೊದೆ ಮತ್ತು ಮರಗಳಿಗೆ ಅವಕಾಶವಾಗುತ್ತದೆ.

ಈ ಕ್ರಮ ಎಲ್ಲೆಡೆಯೂ ಒಂದೇ ಆಗಿರುವುದಿಲ್ಲ. ಐಸ್‌ಲ್ಯಾಂಡಿನ ದಕ್ಷಿಣಕ್ಕೆ 1963ರಲ್ಲಿ ಸಮುದ್ರದಡಿಯ ಜ್ವಾಲಾಮುಖಿಯಿಂದ ಹುಟ್ಟಿದ ಸರ್ಟ್ಸಿ ದ್ವೀಪದಲ್ಲಿ 1965ರಲ್ಲಿಯೇ ಕಡಲತೀರದ ಒಂದು ಹೂಬಿಡುವ ಸಸ್ಯ ಕಾಣಿಸಿಕೊಂಡಿತು. ಹಾವಸೆ 1967ರಲ್ಲಿ, ಕಲ್ಲುಹೂವು 1970ರಲ್ಲಿ ಪತ್ತೆಯಾದವು. 1980ರ ದಶಕದಲ್ಲಿ ಕಡಲಹಕ್ಕಿಗಳು ಗುಂಪಾಗಿ ಗೂಡುಕಟ್ಟತೊಡಗಿದ ಮೇಲೆ ಅವುಗಳ ಹಿಕ್ಕೆಯಿಂದ ನೆಲ ಫಲವತ್ತಾಗಿ ಸಸ್ಯಪ್ರಭೇದಗಳ ಸಂಖ್ಯೆ ಹೆಚ್ಚಿತು.

ಅಲಾಸ್ಕದ ಗ್ಲೇಸಿಯರ್ ಕೊಲ್ಲಿಯಲ್ಲಿ ಹಿಮನದಿ ಹಿಂದೆ ಸರಿದ ನೆಲವನ್ನು ವಿಲಿಯಂ ಕೂಪರ್ 1916ರಿಂದ ಗುರುತು ಹಾಕಿದ ತುಂಡುಗಳಲ್ಲಿ ಅಧ್ಯಯನ ಮಾಡಿದರು. ಅಲ್ಲಿನ ಆಲ್ಡರ್ ಗಿಡಗಳ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸಿ ಮಣ್ಣನ್ನು ಸಮೃದ್ಧಗೊಳಿಸುತ್ತವೆ. ನಂತರ ಸ್ಪ್ರೂಸ್ ಕಾಡು ಬೆಳೆಯುತ್ತದೆ. ಆದರೆ ಮರಗಳ ವಾರ್ಷಿಕ ಉಂಗುರಗಳನ್ನು ಆಧರಿಸಿ 1995ರಲ್ಲಿ ಪ್ರಕಟವಾದ ಅಧ್ಯಯನವು, ಕೊಲ್ಲಿಯ ಅತಿ ಹಳೆಯ ತಾಣಗಳು ದಟ್ಟ ಆಲ್ಡರ್ ಹಂತವನ್ನು ದಾಟಿ ಬಂದಿರಲಿಲ್ಲವೆಂದು ತೋರಿಸಿತು.

ದ್ವಿತೀಯಕ ಅನುಕ್ರಮ

ಬೆಂಕಿ, ಬಿರುಗಾಳಿ, ಕಡಿತ ಅಥವಾ ಬೇಸಾಯದಿಂದ ಸಸ್ಯವರ್ಗ ನಾಶವಾದರೂ ಮಣ್ಣು ಉಳಿದಿರುವೆಡೆ ನಡೆಯುವುದು ದ್ವಿತೀಯಕ ಅನುಕ್ರಮ. ಮಣ್ಣಿನಲ್ಲಿ ಬೀಜ, ಬೇರು ಮತ್ತು ಸೂಕ್ಷ್ಮಜೀವಿಗಳು ಉಳಿದಿರುವುದರಿಂದ ಇದು ಪ್ರಾಥಮಿಕ ಅನುಕ್ರಮಕ್ಕಿಂತ ವೇಗವಾಗಿ ಸಾಗುತ್ತದೆ.

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1882ರಲ್ಲಿ ಗೋಧಿ ಹೊಲದ ಒಂದು ಅಂಚನ್ನು ಕಟಾವು ಮಾಡದೆ ಬಿಡಲಾಯಿತು. ಕೆಲವೇ ವರ್ಷಗಳಲ್ಲಿ ಕಳೆಗಳ ಪೈಪೋಟಿಯಲ್ಲಿ ಗೋಧಿ ಕಣ್ಮರೆಯಾಯಿತು. ಯಾರೂ ಕೈಯಾಡಿಸದ ಭಾಗ ಇಂದು ಬಲಿತ ಕಾಡಾಗಿದೆ. ಪೊದೆ ಮತ್ತು ಮರದ ಸಸಿಗಳನ್ನು ನಿಯಮಿತವಾಗಿ ಕಿತ್ತುಹಾಕುವ ಭಾಗದಲ್ಲಿ ಮೂಲಿಕೆಗಳೂ, ಮೇಯಿಸಿ ಹುಲ್ಲು ಕತ್ತರಿಸುತ್ತ ಬಂದ ಭಾಗದಲ್ಲಿ ಹುಲ್ಲೂ ಉಳಿದಿವೆ. ಒಂದೇ ಮಣ್ಣು, ಒಂದೇ ಹವಾಮಾನ ಇದ್ದರೂ ಮಾನವನ ಹಸ್ತಕ್ಷೇಪ ಸಮುದಾಯದ ದಿಕ್ಕನ್ನು ಬದಲಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಸಿದ್ಧಾಂತಗಳು

ಹೆನ್ರಿ ಕೌಲ್ಸ್ 1899ರಲ್ಲಿ ಮಿಚಿಗನ್ ಸರೋವರದ ಮರಳುದಿಣ್ಣೆಗಳನ್ನು ಕುರಿತು ಬರೆದ ಲೇಖನಗಳು ಈ ಕ್ಷೇತ್ರದ ಆರಂಭಿಕ ಕೃತಿಗಳಲ್ಲಿ ಪ್ರಮುಖವಾದವು. 1916ರಲ್ಲಿ ಫ್ರೆಡರಿಕ್ ಕ್ಲೆಮೆಂಟ್ಸ್, ಸಸ್ಯಸಮುದಾಯವನ್ನು ಬೆಳೆದು ಪ್ರೌಢವಾಗುವ ಒಂದು ಜೀವಿಗೆ ಹೋಲಿಸಿ, ಪ್ರತಿ ಪ್ರದೇಶದಲ್ಲಿಯೂ ಅನುಕ್ರಮವು ಹವಾಮಾನ ನಿರ್ಧರಿಸುವ ಒಂದೇ ಅಂತಿಮ ಸಮುದಾಯದತ್ತ ಸಾಗುತ್ತದೆಂದು ಪ್ರತಿಪಾದಿಸಿದರು. ಇದಕ್ಕೆ ಚರಮ ಸಮುದಾಯ ಎಂದು ಹೆಸರು. ಹೆನ್ರಿ ಗ್ಲೀಸನ್ 1926ರಲ್ಲಿ ಇದನ್ನು ವಿರೋಧಿಸಿ, ಪ್ರತಿ ಪ್ರಭೇದವೂ ತನ್ನ ಅಗತ್ಯಕ್ಕೆ ತಕ್ಕಂತೆ ನೆಲೆಸುತ್ತದೆ, ಆಕಸ್ಮಿಕಗಳಿಗೂ ಅದರಲ್ಲಿ ಪಾತ್ರವಿದೆ ಎಂದರು.

ಜೋಸೆಫ್ ಕಾನೆಲ್ ಮತ್ತು ರಾಲ್ಫ್ ಸ್ಲೇಟಿಯರ್ 1977ರಲ್ಲಿ ಮೂರು ಮಾದರಿಗಳನ್ನು ಮುಂದಿಟ್ಟರು: ಮೊದಲು ಬಂದ ಪ್ರಭೇದಗಳು ನಂತರದವುಗಳಿಗೆ ನೆರವಾಗಬಹುದು, ಅವುಗಳನ್ನು ತಡೆಯಬಹುದು ಅಥವಾ ಎರಡನ್ನೂ ಮಾಡದಿರಬಹುದು. ಬೆಂಕಿ, ಪ್ರವಾಹ, ಮೇಯುವಿಕೆಗಳು ಮತ್ತೆ ಮತ್ತೆ ಸಂಭವಿಸುವುದರಿಂದ ಶಾಶ್ವತವಾದ ಅಂತಿಮ ಸ್ಥಿತಿಯ ಕಲ್ಪನೆಯನ್ನು ಇಂದಿನ ಪರಿಸರ ವಿಜ್ಞಾನವು ಎಚ್ಚರಿಕೆಯಿಂದ ಬಳಸುತ್ತದೆ.

ಸಂರಕ್ಷಣೆಯಲ್ಲಿ ಮಹತ್ವ

ಅನುಕ್ರಮದ ತಿಳಿವಳಿಕೆ ಗಣಿ ಪ್ರದೇಶಗಳ ಪುನಶ್ಚೇತನಕ್ಕೂ ಕಾಡುಗಳ ಪುನರುತ್ಪತ್ತಿಗೂ ಆಧಾರವಾಗಿದೆ. ಎಲ್ಲ ನೆಲವೂ ಕೊನೆಗೆ ಕಾಡಾಗಬೇಕೆಂಬ ಭಾವನೆಯಿಂದ ಹಾನಿಯೂ ಸಂಭವಿಸುತ್ತದೆ. ಪಶ್ಚಿಮ ಘಟ್ಟಗಳ ಎತ್ತರದ ಪ್ರದೇಶಗಳಲ್ಲಿ ಶೋಲಾ ಕಾಡುಗಳೂ ಹುಲ್ಲುಗಾವಲುಗಳೂ ಅಕ್ಕಪಕ್ಕದಲ್ಲಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಹೋದ್ಯೋಗಿಗಳು ನೀಲಗಿರಿಯ ಜೌಗು ಮಣ್ಣಿನಲ್ಲಿರುವ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವು, ಸುಮಾರು 20,000 ವರ್ಷಗಳ ಅವಧಿಯಲ್ಲಿ ಹವಾಮಾನಕ್ಕೆ ತಕ್ಕಂತೆ ಅಲ್ಲಿನ ಸಸ್ಯವರ್ಗ ಬದಲಾಗುತ್ತ ಬಂದಿರುವುದನ್ನು ತೋರಿಸಿತು. ಇಂತಹ ಹುಲ್ಲುಗಾವಲು ಹಾಳಾದ ಕಾಡಲ್ಲ, ಪ್ರಾಚೀನ ಸಮುದಾಯ. ನೀಲಗಿರಿಯಲ್ಲಿ ಅದರ ಮೇಲೆ ನೆಟ್ಟ ವಾಟಲ್ ಮತ್ತು ನೀಲಗಿರಿ ಮರಗಳ ತೋಪುಗಳಿಂದ ಮೂಲ ಹುಲ್ಲುಗಾವಲು ಬಹಳಷ್ಟು ಕುಗ್ಗಿದೆ. ಆದ್ದರಿಂದ ಒಂದು ಸ್ಥಳದಲ್ಲಿ ಮರ ನೆಡುವ ಮೊದಲು ಅಲ್ಲಿನ ಸಮುದಾಯದ ಇತಿಹಾಸವನ್ನು ಅರಿಯುವುದು ಅಗತ್ಯ.