ಬುಟ್ಟಿಯೊಳಗಿನ ನಾಗಪ್ಪ

ಪಂಚಮಿ ಬಂತೆಂದರೆ ನಮ್ಮ ಯಲಬುರ್ಗಾ ಸೀಮೆಯ ಮನೆಗಳಲ್ಲಿ ಎಳ್ಳುಂಡಿ, ಶೇಂಗಾದುಂಡಿ, ಹುರಿದ ಅಳ್ಳಿನ ವಾಸನೆ. ಬೇವಿನ ಮರಕ್ಕೆ ಜೋಕಾಲಿ, ತವರಿಗೆ ಬಂದ ಹೆಣ್ಣುಮಕ್ಕಳ ನಗು. ನಾನು ಚಿಕ್ಕವಳಿದ್ದಾಗ, ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಆ ಕಾಲದಲ್ಲಿ, ಹಬ್ಬದ ಹೊತ್ತಿಗೆ ತಪ್ಪದೆ ಬರುತ್ತಿದ್ದವನು ಹಾವಾಡಿಗ. ಹೆಗಲಿಗೆ ಬುಟ್ಟಿ, ಕೈಯಲ್ಲಿ ಪುಂಗಿ. “ನಾಗಪ್ಪಗ ಹಾಲು ಹಾಕ್ರೀ ಅವ್ವಾರ” ಎಂದು ಕಟ್ಟೆಯ ಮುಂದೆ ಕೂತರೆ ಓಣಿಯೆಲ್ಲ ಅಲ್ಲಿಗೇ ಬರುತ್ತಿತ್ತು. ನಮ್ಮವ್ವ ಬಟ್ಟಲಲ್ಲಿ ಹಾಲು, ಮೊರದಲ್ಲಿ ಜೋಳ, ಒಂದು ಹಳೆಯ ಅಂಗಿ ಕೊಡುತ್ತಿದ್ದಳು.

ಒಂದು ವರ್ಷ ಅವ್ವ ಕೇಳಿದಳು: “ಹೋದ ವರ್ಷದ ಹಾವೇನಪಾ ಇದು?”

“ಇಲ್ಲವ್ವ, ಅದು ಸತ್ತು ಹೋತು. ಬುಟ್ಟ್ಯಾಗ ಭಾಳ ದಿನ ಬದುಕೂದಿಲ್ಲ.”

ಆ ಮಾತಿನ ಅರ್ಥ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಅದಕ್ಕೆ ಹಾಲು ಜೀರ್ಣವಾಗುವುದೂ ಇಲ್ಲ. ದಿನಗಟ್ಟಲೆ ನೀರಿಲ್ಲದೆ ಇಟ್ಟರೆ ದಾಹಕ್ಕೆ ಹಾಲನ್ನೂ ಕುಡಿಯುತ್ತದೆ. ಅದಕ್ಕೆ ಹೊರಗಿವಿ ಇಲ್ಲ. ಪುಂಗಿಯ ನಾದಕ್ಕಲ್ಲ, ಪುಂಗಿಯ ಅಲುಗಾಟಕ್ಕೆ ಹೆಡೆ ತೂಗುತ್ತದೆ. ಎಷ್ಟೋ ಕಡೆ ವಿಷದ ಹಲ್ಲು ಕೀಳುತ್ತಿದ್ದರು, ಬಾಯಿ ಹೊಲಿಯುತ್ತಿದ್ದುದೂ ಉಂಟು. ಬಾಯಿ ಕೀವುಗಟ್ಟಿ, ಇಲಿ-ಕಪ್ಪೆ ನುಂಗಲಾರದೆ ಹಾವು ಸಾಯುತ್ತಿತ್ತು. ಇನ್ನೊಂದನ್ನು ಹಿಡಿಯದೆ ಅವನ ಮನೆಯ ಒಲೆ ಉರಿಯುತ್ತಿರಲಿಲ್ಲ. ನಾವು ಕೈಮುಗಿದದ್ದು ನೀರಡಿಸಿದ ಜೀವಕ್ಕೆ ಎಂದು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮುಂದೆ ಅದರ ಬಿಗಿ ಹೆಚ್ಚಿದಂತೆ ನಾಗರಹಾವನ್ನು ಹಿಡಿಯುವುದು, ಸಾಕುವುದು, ಆಡಿಸುವುದು ಎಲ್ಲವೂ ಅಪರಾಧವಾಯಿತು. ಹಾವಿನ ಮಟ್ಟಿಗೆ ಇದು ನ್ಯಾಯವೇ. ಆದರೆ ಹಾವಾಡಿಗನ ಹೆಂಡತಿ ಮಕ್ಕಳು ಏನುಣ್ಣಬೇಕು ಎಂದು ಯಾರು ಯೋಚಿಸಿದರು?

ತಮಿಳುನಾಡಿನಲ್ಲಿ ಯೋಚಿಸಿದವರಿದ್ದರು. ಹಾವು ಹಿಡಿದು ಚರ್ಮ ಮಾರುತ್ತಿದ್ದ ಇರುಳರಿಗೆ ಆ ವ್ಯಾಪಾರ ನಿಂತಾಗ, ರೊಮುಲಸ್ ವಿಟೇಕರ್ ಅವರ ನೆರವಿನಿಂದ 1978ರಲ್ಲಿ ಸಹಕಾರ ಸಂಘ ಹುಟ್ಟಿತು. ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ ಅವರು ಸರಕಾರದ ಪರವಾನಗಿ ಪಡೆದು ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲಗಳನ್ನು ಹಿಡಿಯುತ್ತಾರೆ. ಮರಳು ಹಾಕಿದ ಮಣ್ಣಿನ ಗಡಿಗೆಯಲ್ಲಿ ಕೆಲವು ವಾರ ಮಾತ್ರ ಇಟ್ಟು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷದಿಂದಲೇ ಹಾವು ಕಚ್ಚಿದವರಿಗೆ ಚುಚ್ಚುವ ಔಷಧಿ ತಯಾರಾಗುತ್ತದೆ. ಹಿಡಿಯುವ ಕೈ ಅದೇ, ಗಡಿಗೆಯೂ ಸೆರೆಯೇ. ಆದರೆ ಅಲ್ಲಿ ಹಾವಿಗೆ ಬಿಡುಗಡೆಯ ದಿನವೊಂದಿದೆ.

ನನ್ನ ತರಗತಿಯಲ್ಲೂ ಹಾವಾಡಿಗರ ಮನೆಯ ಹುಡುಗನೊಬ್ಬನಿದ್ದ. ಓರಗೆಯವರು ಕುಲ ಹಿಡಿದು ಕರೆದರೆ ತಲೆ ತಗ್ಗಿಸುತ್ತಿದ್ದ. ಹಾವಿನ ಪಾಠದ ದಿನ ಮಾತ್ರ ಎದ್ದು ನಿಂತು, ಕೇರೆಗೂ ನಾಗರಕ್ಕೂ ಇರುವ ವ್ಯತ್ಯಾಸವನ್ನು ನನಗಿಂತ ಚೆನ್ನಾಗಿ ಹೇಳಿದ. ಆ ದಿನ ಯಾರೂ ನಗಲಿಲ್ಲ. ಮರುವರ್ಷ ಅವನ ಮನೆಯವರು ದುಡಿಯಲು ಗುಳೆ ಹೋದರು. ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ಅವನ ತಿಳಿವಳಿಕೆ ನಮ್ಮೂರಿಗೆ ಎಷ್ಟು ಬೇಕಾಗಿತ್ತು!

ಗಂಗಾವತಿಯ ಭತ್ತದ ಗದ್ದೆಯಲ್ಲಿ ಬಗ್ಗಿ ದುಡಿಯುವವರು ನಮ್ಮಂಥ ಹೆಣ್ಣುಮಕ್ಕಳೇ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಕರ್ನಾಟಕ ಸರಕಾರ 2024ರಲ್ಲಿ ಆದೇಶಿಸಿತು. ಕಚ್ಚಿದರೆ ಮಂತ್ರ, ಗಿಡಮೂಲಿಕೆ ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಬೇಕು. ಮನೆಗೆ ಹಾವು ಬಂದರೆ ಬಡಿಯದೆ, ಡಬ್ಬಿಯಲ್ಲಿ ಇಟ್ಟುಕೊಳ್ಳದೆ, ಅರಣ್ಯ ಇಲಾಖೆಗೆ ತಿಳಿಸಬೇಕು. ನಾಗರಕಲ್ಲಿಗೆ ಹಾಲೆರೆದು ಜೀವಂತ ಹಾವನ್ನು ಕೊಲ್ಲುವ ನಮ್ಮ ಎರಡು ಮನಸ್ಸನ್ನು ಬಸವಣ್ಣನವರು 12ನೆಯ ಶತಮಾನದಲ್ಲೇ ಎತ್ತಿ ತೋರಿಸಿದ್ದಾರೆ.

ಈಗ ಪಂಚಮಿಗೆ ನಾನು ಉಂಡಿ ಕಟ್ಟುತ್ತೇನೆ, ಜೋಕಾಲಿಯನ್ನೂ ಆಡುತ್ತೇನೆ. ಹಾಲಿನ ಬಟ್ಟಲು ಮಾತ್ರ ಓಣಿಯ ಮಕ್ಕಳ ಕೈಗೆ ಹೋಗುತ್ತದೆ. ಕುಡಿಯುವಾಗ ಆ ಹುಡುಗನ ಮುಖ ಅವರಲ್ಲಿ ಕಾಣುತ್ತದೆ.