ಹೊಳೆಬಾಗಿಲಿನ ಲಾಂಚು: ನಷ್ಟ ಯಾರ ಲೆಕ್ಕಕ್ಕೆ?

ಅಮೆರಿಕದ ಅನೇಕ ನಗರಸಭೆಗಳಲ್ಲಿ ಬಹುಕಾಲದಿಂದ ಒಂದು ವಾದ ನಡೆದುಬಂದಿದೆ. ಅಲ್ಲಿ ಗಾಲ್ಫ್ ಆಟದ ಮೈದಾನಗಳು ಶ್ರೀಮಂತರ ಕ್ಲಬ್ಬುಗಳಿಗೆ ಮಾತ್ರ ಸೇರಿದವಲ್ಲ; ಊರಿನ ಪುರಸಭೆಯೇ ನೆಲ ಕೊಟ್ಟು, ಹುಲ್ಲು ಬೆಳೆಸಿ, ಸಣ್ಣ ಶುಲ್ಕಕ್ಕೆ ಯಾರು ಬೇಕಾದರೂ ಬಂದು ಆಡಲಿ ಎಂದು ತೆರೆದಿಟ್ಟವೂ ಉಂಟು. ನ್ಯೂಯಾರ್ಕ್ ನಗರದ ವ್ಯಾನ್ ಕೋರ್ಟ್‌ಲೆಂಡ್ ಉದ್ಯಾನದಲ್ಲಿ 1895ರಷ್ಟು ಹಿಂದೆಯೇ ಇಂಥದೊಂದು ಸಾರ್ವಜನಿಕ ಮೈದಾನ ಆರಂಭವಾಯಿತು. ಈ ಆಟಕ್ಕೆ ನೂರು ಎಕರೆಗೂ ಮಿಕ್ಕ ನೆಲ ಬೇಕು, ವರ್ಷವಿಡೀ ನೀರು ಬೇಕು. ಆಡಲು ಬರುವವರು ಕಡಿಮೆಯಾದರೆ ವೆಚ್ಚ ಏರುತ್ತದೆ, ಆದಾಯ ಇಳಿಯುತ್ತದೆ, ಅಂತರವನ್ನು ತೆರಿಗೆಯ ಹಣದಿಂದ ತುಂಬಬೇಕಾಗುತ್ತದೆ. ಕೋಲು ಹಿಡಿಯದವನು ಇನ್ನೊಬ್ಬನ ಆಟಕ್ಕೆ ಏಕೆ ತೆರಬೇಕು ಎಂದು ಒಬ್ಬರು ಕೇಳುತ್ತಾರೆ. ಹಾಗಾದರೆ ಗ್ರಂಥಾಲಯವನ್ನೂ ಉದ್ಯಾನವನ್ನೂ ಮುಚ್ಚಿಬಿಡೋಣವೇ ಎಂದು ಇನ್ನೊಬ್ಬರು ಮರುಪ್ರಶ್ನೆ ಹಾಕುತ್ತಾರೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಲೆನಾಡಿನಲ್ಲಿ ಕುಳಿತು ಗಾಲ್ಫಿನ ಮಾತೆತ್ತಿದರೆ ಕೇಳುಗರು ನಕ್ಕಾರು. ನಮ್ಮಲ್ಲಿ ಚೆಂಡು ಹೊಡೆದರೆ ಅದು ಅಡಕೆ ತೋಟದಲ್ಲಿ ಬೀಳಬೇಕು, ಇಲ್ಲವೇ ಹಳ್ಳದಲ್ಲಿ. ಆದರೆ ಆ ವಾದದ ಒಳಗಿರುವ ಪ್ರಶ್ನೆ ಪರದೇಶದ್ದೇನೂ ಅಲ್ಲ. ಕೆಲವೇ ಜನಕ್ಕೆ ಒದಗುವ, ಎಂದೂ ಲಾಭ ತಾರದ ಸೌಕರ್ಯವೊಂದನ್ನು ಎಲ್ಲರ ಹಣದಿಂದ ನಡೆಸಬಹುದೇ? ಈ ಪ್ರಶ್ನೆಗೆ ನಮ್ಮ ನಾಡಿನಲ್ಲೇ ಒಂದು ಉದಾಹರಣೆ ಅರ್ಧ ಶತಮಾನಕ್ಕೂ ಮೇಲ್ಪಟ್ಟು ನೀರಿನ ಮೇಲೆ ಅತ್ತಿಂದಿತ್ತ ಓಡಾಡಿತು. ಶರಾವತಿಯ ಹಿನ್ನೀರಿನಲ್ಲಿ ಅಂಬಾರಗೊಡ್ಲು ಮತ್ತು ಕಳಸವಳ್ಳಿಗಳ ನಡುವೆ, ಹೊಳೆಬಾಗಿಲಿನಲ್ಲಿ ನಡೆದ ಸರ್ಕಾರಿ ಲಾಂಚು ಆ ಉದಾಹರಣೆ.

ಶರಾವತಿ ಈ ಮೂರು ತಾಲೂಕುಗಳನ್ನು ಹೊಲಿದ ದಾರದಂತಿದೆ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸೀಮೆಯನ್ನು ಹಾಯ್ದು, ಸಾಗರ ಸೀಮೆಯಲ್ಲಿ ಹಿಗ್ಗಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಇಂಥ ನಾಡಿನಲ್ಲಿ ಹೊಳೆ ದಾಟುವುದೆಂದರೆ ವಿಹಾರವಲ್ಲ. ಸಂತೆಗೆ, ಶಾಲೆಗೆ, ನೆಂಟರ ಮನೆಗೆ, ಹೆರಿಗೆಗೆ ಹೋಗುವ ದಾರಿ. ಕೆಳದಿಯ ಅರಸರ ಕಾಲದಲ್ಲಿ ಬಿದನೂರಿಗೆ ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಹೇರಿನ ಎತ್ತುಗಳು ಬರುತ್ತಿದ್ದಾಗ ಈ ಹೊಳೆಗಳಿಗೆ ಸೇತುವೆಗಳಿರಲಿಲ್ಲ. ಶಿವಪ್ಪನಾಯಕನ ಶಿಸ್ತು ಎಂದು ನಾವು ಇಂದಿಗೂ ಹೊಗಳುವ ಕಂದಾಯದ ಕಟ್ಟಳೆ ಗದ್ದೆ ತೋಟಗಳ ಹುಟ್ಟುವಳಿಯನ್ನು ಅಳೆದದ್ದು. ಮಳೆಗಾಲದ ನಾಲ್ಕು ತಿಂಗಳು ಜನರನ್ನು ದಾಟಿಸಿದ ಅಂಬಿಗನ ಶ್ರಮ ಅಳತೆಗೆ ಸಿಕ್ಕುವಂಥದಲ್ಲ. ಸುಗ್ಗಿಯಲ್ಲಿ ಮನೆಮನೆಯಿಂದ ಅವನಿಗೆ ಭತ್ತ ಅಳೆದುಕೊಡುವ ರೂಢಿ ಮಲೆನಾಡಿನ ಹಳ್ಳಿಗಳಲ್ಲಿತ್ತು. ವರ್ಷಕ್ಕೊಮ್ಮೆ ದಾಟುವವನೂ ಕೊಡುತ್ತಿದ್ದ, ದಿನಕ್ಕೆರಡು ಸಲ ದಾಟುವವನೂ ಕೊಡುತ್ತಿದ್ದ. ಅದಕ್ಕೆ ತೆರಿಗೆಯೆಂಬ ಹೆಸರಿರಲಿಲ್ಲ, ಸಬ್ಸಿಡಿ ಎಂಬ ಮಾತಂತೂ ಹುಟ್ಟಿರಲೇ ಇಲ್ಲ. ಮುಂದೆ ಕಡವುಗಳು ಕಾಯಿದೆಯ ಕೈಗೆ ಬಂದವು. ಘಟ್ಟದ ಕೆಳಗೆ ಮದರಾಸು ಸರ್ಕಾರ 1890ರಲ್ಲಿ ಕಾಲುವೆಗಳಿಗೂ ಸಾರ್ವಜನಿಕ ಕಡವುಗಳಿಗೂ ಒಂದು ಶಾಸನವನ್ನೇ ಮಾಡಿತು. ಕಡವು ಗುತ್ತಿಗೆಯ ವಸ್ತುವಾದಾಗ ದಾಟುವವನ ತಲೆಯ ಮೇಲೆ ದರ ಕುಳಿತಿತು.

ತೀರ್ಥಹಳ್ಳಿಯಲ್ಲಿ ತುಂಗೆಯನ್ನು ಬೇಸಿಗೆಯಲ್ಲಿ ಕಲ್ಲುಸಾರದ ಮೇಲೆ ಕಾಲ್ನಡಿಗೆಯಿಂದ, ಮಳೆಗಾಲದಲ್ಲಿ ದೋಣಿಯಿಂದ ದಾಟುತ್ತಿದ್ದ ಕಾಲವನ್ನು ಕುವೆಂಪು ಅವರ ಓದುಗರು ಬಲ್ಲರು. ಅನಂತರ ಕುರುವಳ್ಳಿಯ ಕಡೆಗೆ ಕಮಾನಿನ ಸೇತುವೆ ಬಂತು. ಅದಕ್ಕೆ ಮಹಾರಾಜರಾದ ಜಯಚಾಮರಾಜೇಂದ್ರರ ಹೆಸರಾಯಿತು. ಅಲ್ಲಿಂದೀಚೆಗೆ ಆ ಸೇತುವೆ ಈ ವರ್ಷ ಎಷ್ಟು ನಷ್ಟ ಮಾಡಿತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕೇಳುವಂತೆಯೂ ಇಲ್ಲ; ಸೇತುವೆಯ ಲೆಕ್ಕದಲ್ಲಿ ಆದಾಯದ ಅಂಕಣವೇ ಇರುವುದಿಲ್ಲ. ದೋಣಿಗಾದರೋ ಒಂದು ರೂಪಾಯಿ ಟಿಕೆಟ್ಟು ಇಟ್ಟೊಡನೆ ಅಂಕಣ ಹುಟ್ಟುತ್ತದೆ, ಅಂಕಣದೊಡನೆ ನಷ್ಟವೂ ಹುಟ್ಟುತ್ತದೆ. ಎರಡೂ ಮಾಡುವ ಕೆಲಸ ಒಂದೇ. ಈ ವಿಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಳೆಬಾಗಿಲಿಗೆ ಹೋಗಬೇಕು.

ಅಲ್ಲಿ ಹೊಳೆ ಮೊದಲಿನಿಂದ ಅಷ್ಟು ಅಗಲವಾಗಿರಲಿಲ್ಲ. ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದು, 1948ರಲ್ಲಿ ಜೋಗದ ಕೆಳಗಿನ ವಿದ್ಯುದಾಗಾರ ಕೆಲಸಮಾಡತೊಡಗಿದಾಗಲೇ ಮೊದಲ ಮುಳುಗಡೆಯಾಯಿತು. ಆದರೆ ಅದು ಪೀಠಿಕೆ ಮಾತ್ರ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡಿತು. ಸಮುದ್ರಮಟ್ಟದಿಂದ 1819 ಅಡಿಗಳವರೆಗೆ ನೀರು ನಿಲ್ಲಬಹುದಾದ, ಸುಮಾರು 151 ಟಿ.ಎಂ.ಸಿ. ಹಿಡಿಯುವ ಆ ಜಲಾಶಯ 300 ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು ಆವರಿಸಿತು. ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಹೊಸದರ ನೀರಿನೊಳಗೆ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಅದು ಇನ್ನೂ ತಲೆಯೆತ್ತಿ ತೋರುವುದುಂಟು. ಸಾಗರ, ಹೊಸನಗರ ತಾಲೂಕುಗಳ ಕಣಿವೆಯ ಗದ್ದೆಗಳು, ಅಡಕೆ ತೋಟಗಳು, ದೇವಸ್ಥಾನಗಳು, ಮನೆಯ ಹಿತ್ತಿಲಿನ ಬಾವಿಗಳು ಅಡಿಗೆ ಹೋದವು. ಶರಾವತಿ ವಿದ್ಯುದಾಗಾರದ ಮೊದಲ ಘಟಕ 1965ರಲ್ಲಿ ಚಾಲನೆಗೆ ಬಂತು. ಮುಂದೆ ಹತ್ತು ಘಟಕಗಳಿಂದ 1035 ಮೆಗಾವಾಟ್ ಸಾಮರ್ಥ್ಯ ಪಡೆದ ಆ ವಿದ್ಯುತ್ತು ಬೆಂಗಳೂರಿನ ಕಾರ್ಖಾನೆಗಳಿಗೆ ಹರಿಯಿತು. ನೀರಿನಂಚಿನ ಹಳ್ಳಿಗಳು ಮಾತ್ರ ಬಹುಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದವು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಡ.

ಈ ಕಥೆಯನ್ನು ಕನ್ನಡಕ್ಕೆ ಹೇಳಿದವರು ಸಾಗರದ ನಾ. ಡಿಸೋಜರು. ಶರಾವತಿ ಯೋಜನೆಯ ಕೆಲಸದಲ್ಲೇ ನೌಕರರಾಗಿದ್ದು, ಕಚೇರಿಯ ಕಡತ ಹೇಳದ್ದನ್ನು ಅವರು ಕಾದಂಬರಿಗಳಲ್ಲಿ ಬರೆದರು. ‘ಮುಳುಗಡೆ’, ‘ದ್ವೀಪ’ಗಳ ಹೆಸರುಗಳೇ ಆ ನೆಲದ ಭೂಗೋಳ. ಗಿರೀಶ ಕಾಸರವಳ್ಳಿಯವರು ‘ದ್ವೀಪ’ವನ್ನು ಚಿತ್ರ ಮಾಡಿದಾಗ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2025ರ ಜನವರಿಯಲ್ಲಿ ಡಿಸೋಜರು ತೀರಿಕೊಂಡರು. ಅದೇ ವರ್ಷದ ಜುಲೈಯಲ್ಲಿ ಹೊಳೆಬಾಗಿಲಿಗೆ ಸೇತುವೆ ಬಂತು. ಆರು ತಿಂಗಳ ಅಂತರದಲ್ಲಿ ಅವರು ಅದನ್ನು ಕಾಣದೆ ಹೋದರಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ನೀರು ನಿಂತ ಮೇಲೆ ಕರೂರು, ಬಾರಂಗಿ ಹೋಬಳಿಗಳ ಜನ, ತುಮರಿ ಸುತ್ತಿನವರು, ತಮ್ಮ ತಾಲೂಕು ಕೇಂದ್ರದಿಂದ ಕತ್ತರಿಸಿಹೋದರು. ಸಾಗರ ಕಣ್ಣಳತೆಯಲ್ಲಿದ್ದಂತಿತ್ತು, ಕಾಲಳತೆಯಲ್ಲಿರಲಿಲ್ಲ. ನೆಲದ ಮೇಲೇ ಬರಬೇಕೆಂದರೆ ನಿಟ್ಟೂರು, ಹೊಸನಗರಗಳ ಕಡೆಯಿಂದ ದೂರದ ಬಳಸುದಾರಿ. ಈ ಕೊರತೆಗೆ ಪರಿಹಾರವಾಗಿ ಬಂದದ್ದು ಒಳನಾಡು ಜಲಸಾರಿಗೆಯ ಲಾಂಚು. ಅದನ್ನು ಹತ್ತಿದವರಿಗೆ ಆ ನೋಟ ಮರೆಯದು. ಕಬ್ಬಿಣದ ಹಲಗೆ ದಡಕ್ಕೆ ಬೀಳುತ್ತಲೇ ಮೊದಲು ಬಸ್ಸು, ಆಮೇಲೆ ಜೀಪು, ಬೈಕು, ಅವುಗಳ ಸಂದಿಯಲ್ಲಿ ಹಾಲಿನ ಕ್ಯಾನು, ಅಡಕೆ ಮೂಟೆ, ಪಾಟೀಚೀಲದ ಮಕ್ಕಳು, ಆಸ್ಪತ್ರೆಯ ಚೀಟಿ ಹಿಡಿದ ಮುದುಕಿ. ಟಿಕೆಟ್ಟಿನ ದರ ಹೇಳಿಕೊಳ್ಳುವಷ್ಟಿರಲಿಲ್ಲ. ಕತ್ತಲಾದ ಮೇಲೆ ಲಾಂಚು ಇಲ್ಲ. ರಾತ್ರಿ ಹೊಟ್ಟೆನೋವು ಬಂದವರು ಬೆಳಗಾಗುವುದನ್ನು ಕಾಯಬೇಕು. ಕಡುಬೇಸಿಗೆಯಲ್ಲಿ ನೀರು ಕೆಳಗಿಳಿದರೆ ವಾಹನಗಳನ್ನು ಹತ್ತಿಸುವಂತಿರಲಿಲ್ಲ. ಇಷ್ಟೆಲ್ಲ ಕೊರತೆಗಳಿದ್ದರೂ ಅದೊಂದಿಲ್ಲದೆ ಆ ದಡದ ಬದುಕು ನಡೆಯುತ್ತಿರಲಿಲ್ಲ.

ಇದನ್ನು ವ್ಯಾಪಾರವೆಂದು ಎಣಿಸಿದರೆ ಲಾಂಚು ಖಂಡಿತ ಸೋತ ವ್ಯಾಪಾರ. ಡೀಸೆಲ್ಲು, ನೌಕರರ ಸಂಬಳ, ಯಂತ್ರದ ದುರಸ್ತಿ ಇವನ್ನು ಆ ಚಿಲ್ಲರೆ ದರ ಎಂದೂ ಹೊರಲಾರದು. ಆದರೆ ಲೆಕ್ಕದ ಪುಸ್ತಕವನ್ನು ಯಾವ ಪುಟದಿಂದ ತೆರೆಯುತ್ತೀರಿ ಎಂಬುದೇ ಇಲ್ಲಿ ಮುಖ್ಯ. ಲಾಂಚಿನ ಪುಟದಿಂದ ತೆರೆದರೆ ಬೆಂಗಳೂರಿನ ತೆರಿಗೆದಾರ ತುಮರಿಯ ರೈತನನ್ನು ಸಾಕುತ್ತಿದ್ದಾನೆ. 1964ರ ಪುಟದಿಂದ ತೆರೆದರೆ ತುಮರಿಯ ರೈತ ಬೆಂಗಳೂರಿನ ದೀಪವನ್ನು ಉರಿಸಿದ್ದಾನೆ, ಅದರ ಬೆಲೆಯಲ್ಲಿ ಬಹುಪಾಲು ಇನ್ನೂ ಬಾಕಿಯಿದೆ. ಮುಳುಗಡೆಯ ಸಂತ್ರಸ್ತರ ಭೂಮಿಯ ಹಕ್ಕಿನ ತಕರಾರು ಆರು ದಶಕ ದಾಟಿದ ಮೇಲೂ ಪೂರ್ತಿ ಬಗೆಹರಿದಿಲ್ಲ ಎಂಬುದನ್ನು ನೆನೆದರೆ, ಲಾಂಚಿನ ನಷ್ಟ ಎನ್ನುವುದು ಸಾಲದ ಮೇಲಿನ ಬಡ್ಡಿಯಂತೆ ಕಾಣುತ್ತದೆ. ದಾನ ಎಂಬ ಮಾತು ಅದಕ್ಕೆ ಒಪ್ಪದು.

ಇಲ್ಲಿಗೆ ಮಾತು ಮುಗಿಸಿದರೆ ನನ್ನ ವಾದ ತೀರ ಸಲೀಸಾಗುತ್ತದೆ. ಹಿನ್ನೀರಿನ ಆಚೆ ಸಿಗಂದೂರಿನ ಚೌಡೇಶ್ವರಿಯ ಕ್ಷೇತ್ರ ಬೆಳೆದಂತೆ ಲಾಂಚಿನ ಗಿರಾಕಿಯೂ ಬದಲಾದ. ದೂರದೂರುಗಳ ಕಾರುಗಳು ರಜೆಯ ದಿನ ಸಾಲುಗಟ್ಟಿ ನಿಂತವು. ಮುಳುಗಡೆಯ ಜನಕ್ಕಾಗಿ ಇಳಿಸಿದ ದರದಲ್ಲಿ ಯಾತ್ರಿಕರೂ ವಿಹಾರಿಗಳೂ ದಾಟಿದರು. ಕೆಲವೊಮ್ಮೆ ದಡದ ಜನವೇ ಸಾಲಿನ ಹಿಂದೆ ನಿಂತು ಕಾದರು. ಹಿನ್ನೀರನ್ನು ನೋಡಲೆಂದು ಬಂದವನ ವಿಹಾರಕ್ಕೆ ಸಾರ್ವಜನಿಕ ಹಣ ಸಲ್ಲಬೇಕೇ? ಈ ಒಂದು ಬಿಂದುವಿನಲ್ಲಿ ನಮ್ಮ ಲಾಂಚು ಆ ಪರದೇಶದ ಗಾಲ್ಫ್ ಮೈದಾನವನ್ನು ಮುಟ್ಟುತ್ತದೆ. ವಿಹಾರಿಗೆ ಬೇರೆ ದರ, ಊರವನಿಗೆ ಬೇರೆ ದರ ಎಂದರೆ ನ್ಯಾಯವೇ ಆದೀತು. ಯಾತ್ರಿಕ ಹೊರಗಿನವನೇ ಎಂದು ಯಾರಾದರೂ ಕೇಳಿದರೆ ಮಾತ್ರ ನನ್ನಲ್ಲಿ ಚುರುಕಾದ ಉತ್ತರವಿಲ್ಲ.

ಇನ್ನು ಗಾಲ್ಫಿನ ಪಕ್ಷಕ್ಕೆ ಬಂದರೆ, ಊರಿನ ನಡುವೆ ಹಸುರು ಉಳಿಯಿತೆಂಬ ಒಂದು ಮಾತನ್ನು ಒಪ್ಪಬಹುದು. ಆದರೆ ನಮ್ಮ ನಗರಗಳಲ್ಲಿ ಈ ಆಟ ಕ್ಲಬ್ಬುಗಳಲ್ಲೇ ಬೆಳೆಯಿತು. ಬೆಂಗಳೂರಿನ ಗಾಲ್ಫ್ ಕ್ಲಬ್ಬಿನ ಹುಟ್ಟು 1876ರದು, ದಂಡು ಪ್ರದೇಶದ ಆಂಗ್ಲರ ಕಾಲದ್ದು. ಯಾವುದೇ ಕ್ಲಬ್ಬು ಸರ್ಕಾರದ ನೆಲವನ್ನು ಅಗ್ಗದ ಗುತ್ತಿಗೆಗೆ ಪಡೆದು ಆಡಿದರೆ, ಬರಬೇಕಾಗಿದ್ದು ಬಾರದೆ ಹೋದ ಬಾಡಿಗೆಯನ್ನು ಯಾವ ಪುಸ್ತಕವೂ ನಷ್ಟವೆಂದು ಬರೆಯುವುದಿಲ್ಲ. ಲಾಂಚಿನ ಡೀಸೆಲ್ಲನ್ನಾದರೋ ರಸೀದಿ ಕೊಟ್ಟು ಕೊಳ್ಳಬೇಕು. ಅದರ ನಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಬಡವನ ಸಬ್ಸಿಡಿಗೆ ರಸೀದಿಯಿದೆ, ಉಳ್ಳವನದಕ್ಕೆ ಇಲ್ಲ. ಅಂದಹಾಗೆ, ಈ ಭಾಷಣವನ್ನು ನಿಮ್ಮ ಮನೆಗೆ ತಲುಪಿಸಿದ ಆಕಾಶವಾಣಿಯೂ ಲಾಭಕ್ಕಾಗಿ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸಿನ ಹಣ ಕಟ್ಟಿ ಬರುತ್ತಿದ್ದೆವು. ಆ ಹಣವೂ ಎಂದೋ ರದ್ದಾಯಿತು.

2025ರ ಜುಲೈ 14ರಂದು ಅಂಬಾರಗೊಡ್ಲು ಮತ್ತು ಕಳಸವಳ್ಳಿಗಳ ನಡುವಿನ ತೂಗುಹಗ್ಗದ ಸೇತುವೆ ಉದ್ಘಾಟನೆಯಾಯಿತು. ಉದ್ದ ಎರಡೂಕಾಲು ಕಿಲೋಮೀಟರಿಗೂ ಮಿಕ್ಕದ್ದು, ವೆಚ್ಚ 470 ಕೋಟಿ ರೂಪಾಯಿಯ ಆಸುಪಾಸು. ಅಷ್ಟು ಹಣದಲ್ಲಿ ಲಾಂಚನ್ನು ಎಷ್ಟು ತಲೆಮಾರು ನಡೆಸಬಹುದಿತ್ತೆಂದು ಯಾರೂ ಗುಣಿಸಿ ನೋಡಲಿಲ್ಲ, ನೋಡದಿದ್ದದ್ದೇ ಒಳ್ಳೆಯದಾಯಿತು. ರಾತ್ರಿ ಹೊಟ್ಟೆನೋವು ಬಂದವರು ಈಗ ಬೆಳಗಿನವರೆಗೆ ಕಾಯಬೇಕಾಗಿಲ್ಲ.

ಆದರೆ ಹಳೆಯ ಪ್ರಶ್ನೆ ಲಾಂಚಿನಿಂದ ಇಳಿದು ಬಸ್ಸು ಹತ್ತಿದೆ. ಮಲೆನಾಡಿನ ಹಳ್ಳಿದಾರಿಗಳಲ್ಲಿ ಮೊದಲಿನಿಂದಲೂ ಖಾಸಗಿ ಬಸ್ಸುಗಳದೇ ಪಾರುಪತ್ಯ. ಕೊಪ್ಪದಲ್ಲಿ ಕಾರ್ಮಿಕರೇ ಒಡೆಯರಾಗಿ 1991ರಿಂದ ನಡೆಸಿದ, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟು ಹೆಸರಾದ ಸಹಕಾರ ಸಾರಿಗೆ, ಡೀಸೆಲ್ಲಿನ ಬೆಲೆಯನ್ನೂ ನಷ್ಟವನ್ನೂ ತಾಳಲಾರದೆ 2020ರಲ್ಲಿ ನಿಂತುಹೋಯಿತು. ಅದರ ಬೆನ್ನಿಗೆ ಯಾವ ಬೊಕ್ಕಸವೂ ಇರಲಿಲ್ಲ. 2023ರ ಜೂನ್ ತಿಂಗಳಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತು. ಬೆಂಗಳೂರಿನ ಹೆಂಗಸು ಮನೆಯಿಂದ ಹೊರಟು ಬಸ್ ನಿಲ್ದಾಣದಲ್ಲಿ ನಿಂತರೆ ಅದರ ಫಲ ಕೈಗೆ ಬರುತ್ತದೆ. ಹಿನ್ನೀರಿನಾಚೆಯ ಹಳ್ಳಿಯಿಂದ ಸಾಗರದ ಆಸ್ಪತ್ರೆಗೆ ಹೊರಟ ಹೆಂಗಸಿಗೆ ಆ ಫಲ ದೊರೆಯಬೇಕಾದರೆ ಸರ್ಕಾರಿ ಬಸ್ಸು ಮೊದಲು ಸೇತುವೆ ದಾಟಬೇಕು, ಅರ್ಧ ತುಂಬಿದ ಬಸ್ಸನ್ನು ಬೆಳಿಗ್ಗೆಯೂ ಸಂಜೆಯೂ ಓಡಿಸಲು ಡಿಪೋದವರು ಒಪ್ಪಬೇಕು. ಅದರ ನಷ್ಟಕ್ಕೆ ಮತ್ತೆ ಒಂದು ಅಂಕಣ ತೆರೆಯಬೇಕಾಗುತ್ತದೆ.