ಮರಳುವ ಆವೇಶ, ಮರಳದ ಶಕ್ತಿ: ಪ್ರೌಢಶಾಲಾ ಭೌತವಿಜ್ಞಾನದ ಒಂದು ಪ್ರಶ್ನೆಯ ಮರುಪರಿಶೀಲನೆ

ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಎರಡನೆಯದಕ್ಕೆ ಕರೆಂಟ್ ಕಡಿಮೆ ಸಿಗುತ್ತದೆಯೇ? ಸಿಗುತ್ತದೆ, ಏಕೆಂದರೆ ಮೊದಲ ಬಲ್ಬು ಒಂದಿಷ್ಟನ್ನು ಬಳಸಿಕೊಂಡುಬಿಟ್ಟಿರುತ್ತದೆ ಎನ್ನುವ ಮಕ್ಕಳ ಉತ್ತರ ಶಿಕ್ಷಣ ಸಂಶೋಧಕರಿಗೆ ಹೊಸದಲ್ಲ. ರೋಜರ್ ಓಸ್ಬೋರ್ನ್ 1983ರಲ್ಲಿ, ಡೇವಿಡ್ ಶಿಪ್‌ಸ್ಟೋನ್ 1984ರಲ್ಲಿ, ಮ್ಯಾಕ್‌ಡರ್ಮಟ್ ಮತ್ತು ಶ್ಯಾಫರ್ 1992ರಲ್ಲಿ ಇದನ್ನು ದಾಖಲಿಸಿದ್ದಾರೆ. ವಿದ್ಯಮಾನದ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಅದಕ್ಕೆ ಹೇಳಲಾಗುವ ಕಾರಣದ ಬಗ್ಗೆ. ಈ ಉತ್ತರವನ್ನು ವಿದ್ಯುತ್ಪ್ರವಾಹದ ಕುರಿತ ತಪ್ಪು ಗ್ರಹಿಕೆ ಎಂದು ವರ್ಗೀಕರಿಸಿ, ಅಮ್ಮೀಟರ್ ತೋರಿಸಿ ಅಳಿಸಿಹಾಕಬೇಕು ಎನ್ನುವುದು ರೂಢಿಯ ನಿಲುವು. ತಪ್ಪು ಗ್ರಹಿಕೆ ಎಂಬ ಪರಿಕಲ್ಪನೆಯನ್ನೇ ಸ್ಮಿತ್, ಡಿಸೆಸ್ಸಾ ಮತ್ತು ರೋಶೆಲ್ 1993ರಲ್ಲಿ ಪ್ರಶ್ನಿಸಿದರು. ಅದಕ್ಕೂ ಹತ್ತು ವರ್ಷ ಮೊದಲೇ ಫಾಲ್ಕ್, ಹೆರ್‌ಮನ್ ಮತ್ತು ಶ್ಮಿಡ್ ಶಕ್ತಿಯ ರೂಪಗಳಿಗಿಂತ ಶಕ್ತಿಯ ವಾಹಕಗಳ ಬಗ್ಗೆ ಮಾತಾಡುವುದು ಸರಿ ಎಂದು ವಾದಿಸಿದ್ದರು. ಈ ಎರಡು ಎಳೆಗಳನ್ನು ಬೆಂಗಳೂರಿನ ಪೂರ್ವಭಾಗದ ವಿದ್ಯಾರ್ಥಿ ದಿನವೂ ಕಾಣುವ ಒಂದು ಯಂತ್ರವ್ಯವಸ್ಥೆಯ ಮೇಲೆ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಮೊದಲು ಪಠ್ಯದ ಸ್ಥಿತಿ. ರಾಜ್ಯ ಅಳವಡಿಸಿಕೊಂಡಿರುವ ಎನ್‌ಸಿಇಆರ್‌ಟಿ ಪಠ್ಯದಲ್ಲಿ ಸಾಂದ್ರತೆ ಒಂಬತ್ತನೇ ತರಗತಿಯ ಗುರುತ್ವದ ಅಧ್ಯಾಯಕ್ಕೆ ಸೇರಿದೆ: 500 ಗ್ರಾಂ ರಾಶಿಯ, 350 ಘನ ಸೆಂಟಿಮೀಟರ್ ಗಾತ್ರದ ಪೊಟ್ಟಣ ತೇಲುತ್ತದೆಯೋ ಮುಳುಗುತ್ತದೆಯೋ? ಪರಮಾಣುವಿಗೆ ಬೇರೆ ಅಧ್ಯಾಯ, ಕೆಲಸ ಮತ್ತು ಶಕ್ತಿಗೆ ಇನ್ನೊಂದು. ವಿದ್ಯುಚ್ಛಕ್ತಿ ಬರುವುದು ಹತ್ತರಲ್ಲಿ. ಅಲ್ಲಿ ಮೂರು ರೋಧಕಗಳನ್ನು ಸರಣಿಯಲ್ಲಿಟ್ಟು ಅಮ್ಮೀಟರಿನ ಜಾಗ ಬದಲಿಸಿ ನೋಡುವ ಒಳ್ಳೆಯ ಚಟುವಟಿಕೆಯಿದೆ. ಅಳತೆ ಎಲ್ಲೆಡೆಯೂ ಒಂದೇ. ಆದರೆ ಹಾಗಾದರೆ ಖರ್ಚಾದದ್ದು ಏನು ಎಂಬ ಪ್ರಶ್ನೆಯನ್ನು ಅದೇ ಉಸಿರಿನಲ್ಲಿ ಯಾರೂ ಕೇಳುವುದಿಲ್ಲ. ಕಿಲೊವ್ಯಾಟ್ ಗಂಟೆ ಅಧ್ಯಾಯದ ಕೊನೆಯಲ್ಲಿ, ಬಿಲ್ಲಿನ ಲೆಕ್ಕವಾಗಿ ಬರುತ್ತದೆ.

ವಿದ್ಯಾರ್ಥಿಯ ಮಾತನ್ನು ಹತ್ತಿರದಿಂದ ನೋಡೋಣ. ಆರು ವೋಲ್ಟ್ ಬ್ಯಾಟರಿ, ಒಂದೇ ಬಗೆಯ ಎರಡು ಬಲ್ಬು. ಪ್ರತಿ ಕೂಲಮ್ ಆವೇಶಕ್ಕೆ ಮೊದಲ ಬಲ್ಬಿನಲ್ಲಿ 3 ಜೂಲ್, ಎರಡನೆಯದರಲ್ಲಿ 3 ಜೂಲ್ ಶಕ್ತಿ ಬೆಳಕಾಗಿ, ಶಾಖವಾಗಿ ಹೊರಬೀಳುತ್ತದೆ. ಮೊದಲ ಬಲ್ಬು ಏನನ್ನೋ ತೆಗೆದುಕೊಂಡಿದೆ ಎನ್ನುವುದು ಸುಳ್ಳಲ್ಲ. ತೆಗೆದುಕೊಂಡದ್ದು ಆವೇಶವನ್ನಲ್ಲ, ಶಕ್ತಿಯನ್ನು. ಅಮ್ಮೀಟರ್ ಈ ವಿದ್ಯಾರ್ಥಿಗೆ ಉತ್ತರ ಕೊಡುವುದಿಲ್ಲ, ಬಾಯಿ ಮುಚ್ಚಿಸುತ್ತದೆ. ಉತ್ತರವಿರುವುದು ವೋಲ್ಟ್‌ಮೀಟರಿನಲ್ಲಿ.

ಇನ್ನು ಬೈಯಪ್ಪನಹಳ್ಳಿಯತ್ತ ನೋಡೋಣ. 2011ರ ಅಕ್ಟೋಬರ್ 20ರಂದು ಇಲ್ಲಿಂದ ಎಂ.ಜಿ. ರಸ್ತೆಗೆ ಆರಂಭವಾದ ನಮ್ಮ ಮೆಟ್ರೋ, ತಲೆಯ ಮೇಲಿನ ತಂತಿಯಿಂದಲ್ಲ, ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ನೇರ ವಿದ್ಯುತ್ತನ್ನು ಪಡೆಯುತ್ತದೆ. ಪ್ರವಾಹ ಉಪಕೇಂದ್ರಕ್ಕೆ ಮರಳುವುದು ಗಾಲಿ ಉರುಳುವ ಹಳಿಗಳ ಮೂಲಕ. ಪಠ್ಯದ ಪುಟದಲ್ಲಿ ಗೆರೆಯಾಗಿರುವ ವಿದ್ಯುನ್ಮಂಡಲ ಇಲ್ಲಿ ಹಲಸೂರು, ಇಂದಿರಾನಗರಗಳ ಉದ್ದಕ್ಕೂ ಕಣ್ಣಿಗೆ ಕಾಣುವಂತೆ ಹಾಸಿದೆ. ಒಂದು ರೈಲು ಹೊರಡುವಾಗ 2000 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ ಸಾಮರ್ಥ್ಯ 15 ಲಕ್ಷ ವ್ಯಾಟ್. ಹಳಿಗಳಲ್ಲಿ ಮರಳುವುದೂ 2000 ಆಂಪಿಯರ್. ಆವೇಶ ಪೂರ್ತಿ ವಾಪಸಾಯಿತು, ರೈಲು ಮಾತ್ರ ಓಡಿತು. ಕೆ.ಆರ್. ಪುರದಲ್ಲಿ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ಹಾದುಹೋಗುವ ಭಾರತೀಯ ರೈಲ್ವೆಯ ತಂತಿಯಲ್ಲಿ 25,000 ವೋಲ್ಟ್ ಇದೆ. ಅಷ್ಟೇ ಸಾಮರ್ಥ್ಯಕ್ಕೆ ಅಲ್ಲಿ ಸುಮಾರು 60 ಆಂಪಿಯರ್ ಸಾಕು. ಕರೆಂಟ್ ಹೆಚ್ಚು ಹರಿದಷ್ಟೂ ಶಕ್ತಿ ಹೆಚ್ಚು ಎಂಬ ಸಮೀಕರಣ ಒಂದೇ ನಿಲ್ದಾಣದ ಆವರಣದಲ್ಲಿ ಮುರಿದುಬೀಳುತ್ತದೆ.

ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬ್ರೇಕಿನಲ್ಲಿದೆ. ವೇಗ ತಗ್ಗಿಸುವಾಗ ಮೆಟ್ರೋದ ಮೋಟಾರುಗಳು ಜನರೇಟರುಗಳಾಗಿ ಶಕ್ತಿಯನ್ನು ಮೂರನೇ ಹಳಿಗೆ ಹಿಂದಿರುಗಿಸುತ್ತವೆ. ಹಲಸೂರಿನಲ್ಲಿ ಒಂದು ರೈಲು ನಿಲ್ಲುತ್ತಿದೆ, ಇಂದಿರಾನಗರದಿಂದ ಇನ್ನೊಂದು ಹೊರಡುತ್ತಿದೆ ಎಂದುಕೊಳ್ಳಿ. ಮೂರನೇ ಹಳಿಯಲ್ಲಿ ಪ್ರವಾಹ ಹಲಸೂರಿನಿಂದ ಇಂದಿರಾನಗರಕ್ಕೆ, ಕೆಳಗಿನ ಹಳಿಗಳಲ್ಲಿ ಇಂದಿರಾನಗರದಿಂದ ಹಲಸೂರಿಗೆ. ಆವೇಶ ವೃತ್ತಾಕಾರದಲ್ಲಿ ಸುತ್ತಿತು. ಶಕ್ತಿ ಒಂದೇ ದಿಕ್ಕಿನಲ್ಲಿ ಸಾಗಿತು. ಇವೆರಡೂ ಬೇರೆ ಬೇರೆ ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಉದಾಹರಣೆ ಬ್ಯಾಟರಿ ಮತ್ತು ಬಲ್ಬಿನಲ್ಲಿ ಸಿಗುವುದಿಲ್ಲ. 

ಹಾಗಾದರೆ ಎಲೆಕ್ಟ್ರಾನುಗಳು ಶಕ್ತಿಯನ್ನು ಹೊತ್ತು ತಂದು ಇಳಿಸಿ ಹೋಗುತ್ತವೆ ಎನ್ನಬಹುದೇ? ಇಲ್ಲಿ ಎಚ್ಚರ ಬೇಕು. ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಮಾರಾಟವಾಗುವ ತಾಮ್ರದ ತಂತಿಯನ್ನು ತೆಗೆದುಕೊಳ್ಳಿ. ಎಲೆಕ್ಟ್ರಿಷಿಯನ್ನರು ಒಂದೂವರೆ ಎಂಎಂ ಎನ್ನುವ, 1.5 ಚದರ ಮಿಲಿಮೀಟರ್ ಅಡ್ಡಕೊಯ್ತದ ವೈರು. ಒಂದು ಮೀಟರ್ ಉದ್ದಕ್ಕೆ ಗಾತ್ರ 1.5 ಘನ ಸೆಂಟಿಮೀಟರ್. ತಾಮ್ರದ ಸಾಂದ್ರತೆ 8.96, ಹಾಗಾಗಿ ರಾಶಿ ಸುಮಾರು 13.4 ಗ್ರಾಂ. 63.5 ಗ್ರಾಂ ತಾಮ್ರದಲ್ಲಿ 6.022 × 10²³ ಪರಮಾಣುಗಳು. ಪರಮಾಣುವಿಗೆ ಒಂದು ಮುಕ್ತ ಎಲೆಕ್ಟ್ರಾನ್ ಎಂದು ಹಿಡಿದರೆ ಆ ಒಂದು ಮೀಟರಿನಲ್ಲಿ ಚಲಿಸಬಲ್ಲ ಆವೇಶ ಸುಮಾರು 20,400 ಕೂಲಮ್. 5 ಆಂಪಿಯರ್ ನೇರ ಪ್ರವಾಹದಲ್ಲಿ ಅಷ್ಟು ಆವೇಶ ಒಂದು ಮೀಟರ್ ಸಾಗಲು 68 ನಿಮಿಷ ಬೇಕು. ನಮ್ಮ ಮನೆಗಳಲ್ಲಿರುವುದು 50 ಹರ್ಟ್ಸ್ ಪರ್ಯಾಯ ಪ್ರವಾಹ. ಅದರಲ್ಲಿ ಎಲೆಕ್ಟ್ರಾನುಗಳ ಒಟ್ಟು ಸಮೂಹ ಇದ್ದಲ್ಲೇ, ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಅತ್ತಿತ್ತ ಓಲಾಡುತ್ತದೆ. ಇಸ್ತ್ರಿ ಪೆಟ್ಟಿಗೆಗೆ ಮಾತ್ರ ಸೆಕೆಂಡಿಗೆ ಸಾವಿರ ಜೂಲಿಗೂ ಹೆಚ್ಚು ಶಕ್ತಿ ತಲುಪುತ್ತಲೇ ಇರುತ್ತದೆ. ಶಕ್ತಿ ಸಾಗುವುದು ತಂತಿಯ ಸುತ್ತಲಿನ ವಿದ್ಯುತ್ ಮತ್ತು ಕಾಂತೀಯ ಕ್ಷೇತ್ರಗಳ ಮೂಲಕ ಎಂದು ಪಾಯಿಂಟಿಂಗ್ 1884ರಲ್ಲೇ ತೋರಿಸಿದ್ದರು. ಹತ್ತನೇ ತರಗತಿಗೆ ಅದು ಬೇಡ. ಆದರೆ ಸಾಂದ್ರತೆ, ಪರಮಾಣು, ವಿದ್ಯುತ್ತು, ಶಕ್ತಿ ನಾಲ್ಕನ್ನೂ ಒಂದೇ ತುಂಡು ತಂತಿಯಲ್ಲಿ ಕೂಡಿಸುವ ಈ ಲೆಕ್ಕಕ್ಕೆ ಗುಣಾಕಾರ, ಭಾಗಾಕಾರ ಬಿಟ್ಟರೆ ಬೇರೇನೂ ಬೇಕಿಲ್ಲ. ನಾಲ್ಕು ಅಧ್ಯಾಯಗಳಲ್ಲಿ ಹಂಚಿಹೋದದ್ದರಿಂದಲೇ ಅದು ಪ್ರಶ್ನೆಪತ್ರಿಕೆಗೆ ಬರುವುದಿಲ್ಲ.

ನನ್ನ ಪ್ರತಿಪಾದನೆ ಇಷ್ಟು: ಕರೆಂಟ್ ಖರ್ಚಾಗುತ್ತದೆ ಎಂಬ ಉತ್ತರದಲ್ಲಿ ಬಹುಮಟ್ಟಿಗೆ ಇರುವುದು ಶಕ್ತಿಯ ಬಗೆಗಿನ ಸರಿಯಾದ ಅರಿವು. ತಪ್ಪಾದ ಪ್ರಶ್ನೆಗೆ ಉತ್ತರವಾಗಿ ಬಂದದ್ದರಿಂದ ಅದು ತಪ್ಪಾಗಿ ಕಾಣುತ್ತದೆ. ಇದಕ್ಕೆ ಮಿತಿಗಳಿವೆ. ಎರಡನೇ ಬಲ್ಬು ಮಂಕಾಗಿ ಉರಿಯುತ್ತದೆ ಎಂದು ವಿದ್ಯಾರ್ಥಿ ನಿರೀಕ್ಷಿಸಿದರೆ ಆ ನಿರೀಕ್ಷೆ ತಪ್ಪೇ. ಮಂಡಲದ ಎಲ್ಲ ಭಾಗಗಳೂ ಒಟ್ಟಿಗೆ ಪ್ರವಾಹವನ್ನು ನಿರ್ಧರಿಸುತ್ತವೆ ಎಂಬುದು ಆತನಿಗೆ ದಕ್ಕಿಲ್ಲ. ಶಿಪ್‌ಸ್ಟೋನ್ ಕಂಡ ಆ ಅನುಕ್ರಮದ ತರ್ಕವನ್ನು ನನ್ನ ವಾದ ಅಲ್ಲಗಳೆಯುವುದಿಲ್ಲ. ಶಕ್ತಿ ಖರ್ಚಾಗುತ್ತದೆ ಎನ್ನುವಾಗಲೂ ಅದು ನಾಶವಾಗುವುದಿಲ್ಲ, ಮಂಡಲದಿಂದ ಹೊರಗೆ ಹೋಗುತ್ತದೆ ಎಂದು ಸೇರಿಸಬೇಕು. ಮೆಟ್ರೋದ ಉದಾಹರಣೆಯೂ ಪೂರ್ತಿ ಶುದ್ಧವಲ್ಲ: ಮರಳುವ ಪ್ರವಾಹದ ಒಂದು ಪಾಲು ಹಳಿಯಿಂದ ನೆಲಕ್ಕೆ ಸೋರಿ, ಅಡ್ಡದಾರಿಯಲ್ಲಿ ಉಪಕೇಂದ್ರ ಸೇರಬಹುದು. ಹಳಿಯಲ್ಲಷ್ಟೇ ಅಳೆದರೆ ಅದು ಕಡಿಮೆ ಕಾಣುತ್ತದೆ.

ಈ ಬಗೆಯ ಪ್ರಶ್ನೆ ಎದುರಾದ ವಿದ್ಯಾರ್ಥಿ ಆವೇಶವನ್ನೂ ಶಕ್ತಿಯನ್ನೂ ಬೇರ್ಪಡಿಸುತ್ತಾನೆಯೇ, ಅಥವಾ ಒಂದು ಗೊಂದಲದ ಜಾಗದಲ್ಲಿ ಇನ್ನೊಂದನ್ನು ಕಟ್ಟಿಕೊಳ್ಳುತ್ತಾನೆಯೇ ಎಂಬುದು ತರಗತಿಯಲ್ಲಿ ತೀರ್ಮಾನವಾಗಬೇಕಾದ ವಿಷಯ. ಅಮ್ಮೀಟರ್ ಮೊದಲು ಬರಬೇಕೋ ವೋಲ್ಟ್‌ಮೀಟರ್ ಮೊದಲು ಬರಬೇಕೋ ಎಂಬ ಬೋಧನಾಕ್ರಮದ ಪ್ರಶ್ನೆಯನ್ನೂ ಇಲ್ಲಿ ತೆರೆದೇ ಇಟ್ಟಿದ್ದೇನೆ.